ಪೊಸಿಷನ್ ಸೈಜ್, ಮಾರ್ಜಿನ್, ಲೀವರೇಜ್: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ವಿದ್ಯಾನಗರದ ಹಾಸ್ಟೆಲ್ ಹುಡುಗರು, ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್‌ಗೆ ಬಂದವರು, ಬ್ಯಾಡಗಿ-ಗದಗಿನಲ್ಲಿ ಅಂಗಡಿ ಗಲ್ಲಾ ಮೇಲೆ ಕೂತವರು, ಎಲ್ಲರದೂ ಮೊದಲ ಪ್ರಶ್ನೆ ಒಂದೇ: "ಸರ್, ಎಷ್ಟು ಎಕ್ಸ್ ಇಡಲಿ?" ಎಕ್ಸ್ ಅಂದರೆ ಲೀವರೇಜ್, ಹಾಕಿದ ರೊಕ್ಕದ ಎಷ್ಟು ಪಟ್ಟು ವ್ಯವಹಾರ ಹಿಡಿಯುತ್ತೀರಿ ಅನ್ನುವುದು. ಈ ಪ್ರಶ್ನೆ ಕೊನೆಗೆ ಕೇಳಬೇಕಾದದ್ದು. ಯಾಕೆ ಅಂತ ಕೆಳಗೆ ಓದುತ್ತಾ ಹೋದರೆ ಗೊತ್ತಾಗುತ್ತದೆ.

ಇಲ್ಲಿರುವುದು ಕ್ರಿಪ್ಟೊ ಫ್ಯೂಚರ್ಸ್, ಅಂದರೆ ಕಾಯಿನ್ ಕೈಗೆ ತೆಗೆದುಕೊಳ್ಳದೆ ಅದರ ಬೆಲೆಯ ಏರಿಳಿತದ ಮೇಲೆ ಮಾಡುವ ವ್ಯವಹಾರದ ಲೆಕ್ಕ. ಯಾವ ಕಾಯಿನ್ ಕೊಳ್ಳಬೇಕು, ಯಾವಾಗ ಮಾರಬೇಕು ಅನ್ನುವುದು ಇಲ್ಲಿ ಇಲ್ಲ. ಲೆಕ್ಕ ಸುಲಭವಾಗಲಿ ಅಂತ, ಬೇರೆ ಹೇಳದಿದ್ದರೆ, ಖಾತೆಯಲ್ಲಿ 50,000 ರೂಪಾಯಿ ಇದೆ, ಒಂದು ಬಿಟ್‌ಕಾಯಿನ್ ಬೆಲೆ 80 ಲಕ್ಷ ರೂಪಾಯಿ ಅಂತ ಹಿಡಿದಿದ್ದೇನೆ. ಇವತ್ತಿನ ಬೆಲೆ ಬೇರೆ ಇರುತ್ತದೆ. ಲೆಕ್ಕದ ದಾರಿ ಮಾತ್ರ ಅದೇ.

ಮಾರ್ಜಿನ್ ಅಂದರೆ ನಾನು ಹಾಕೋ ರೊಕ್ಕ. ಪೊಸಿಷನ್ ಸೈಜ್ ಅಂದರೂ ಅದೇ ಅಲ್ವಾ?

ಅಲ್ಲ. ಅರ್ಧಕ್ಕರ್ಧ ಗೊಂದಲ ಹುಟ್ಟುವುದು ಇಲ್ಲೇ.

ಪೊಸಿಷನ್ ಸೈಜ್ ಅಂದರೆ ನೀವು ಮಾರುಕಟ್ಟೆಯಲ್ಲಿ ಹಿಡಿದಿರುವ ಒಟ್ಟು ವ್ಯವಹಾರದ ಬೆಲೆ. ಅದನ್ನು ಹಿಡಿಯಲು ಎಕ್ಸ್‌ಚೇಂಜ್ ನಿಮ್ಮ ಖಾತೆಯಿಂದ ತಡೆದಿಟ್ಟುಕೊಳ್ಳುವ ಠೇವಣಿಯೇ ಮಾರ್ಜಿನ್. ಇವೆರಡರ ನಡುವಿನ ಅನುಪಾತಕ್ಕೆ ಲೀವರೇಜ್ ಅನ್ನುತ್ತಾರೆ. 1 ಲಕ್ಷ ರೂಪಾಯಿಯ ಪೊಸಿಷನ್‌ಗೆ 10ಎಕ್ಸ್‌ನಲ್ಲಿ 10,000 ಮಾರ್ಜಿನ್ ಬೇಕು, 20ಎಕ್ಸ್‌ನಲ್ಲಿ 5,000 ಸಾಕು.

ಲಾಭ-ನಷ್ಟ ಲೆಕ್ಕ ಆಗುವುದು ಸೈಜ್ ಮೇಲೆ. ಬೆಲೆ 1% ಇಳಿದರೆ 1 ಲಕ್ಷದ ಪೊಸಿಷನ್‌ನಲ್ಲಿ 1,000 ರೂಪಾಯಿ ಹೋಗುತ್ತದೆ. ಮಾರ್ಜಿನ್ 10,000 ಇದ್ದರೂ ಅಷ್ಟೇ, 5,000 ಇದ್ದರೂ ಅಷ್ಟೇ. ಆರ್ಡರ್ ಹಾಕುವಾಗ ಇನ್ನೊಂದು ಎಚ್ಚರ ಬೇಕು. ಕೆಲವು ಆ್ಯಪ್‌ಗಳಲ್ಲಿ ನೀವು ಬರೆಯುವ ಮೊತ್ತ ಮಾರ್ಜಿನ್ ಆಗಿರುತ್ತದೆ, ಕೆಲವುಗಳಲ್ಲಿ ಪೊಸಿಷನ್ ಸೈಜ್ ಆಗಿರುತ್ತದೆ. ಸೈಜ್ ಅಂದುಕೊಂಡು 10,000 ಬರೆದು 20ಎಕ್ಸ್ ಒತ್ತಿದರೆ 2 ಲಕ್ಷದ ಪೊಸಿಷನ್ ತೆರೆದುಕೊಂಡು ಬಿಡುತ್ತದೆ. ಒತ್ತುವ ಮುಂಚೆ ಒಟ್ಟು ಬೆಲೆ ಎಷ್ಟು ತೋರಿಸುತ್ತಿದೆ ಅಂತ ಒಮ್ಮೆ ನೋಡಿ.

ನಮ್ಮ ಮನೆಯಲ್ಲಿ ಮೆಣಸಿನಕಾಯಿ ವ್ಯಾಪಾರ. ಅಪ್ಪನಿಗೆ ಇದನ್ನ ಹೇಗೆ ತಿಳಿಸಿ ಹೇಳಲಿ?

ಬ್ಯಾಡಗಿಯ ವ್ಯಾಪಾರಿಗೆ ಇದನ್ನು ಹೇಳುವುದು ಕಷ್ಟವೇ ಅಲ್ಲ. ಅವರು ವರ್ಷಗಳಿಂದ ಮಾರ್ಜಿನ್ ಮೇಲೆ ಕೂತಿದ್ದಾರೆ.

ಕೋಲ್ಡ್ ಸ್ಟೋರೇಜ್‌ನಲ್ಲಿ 10 ಲಕ್ಷದ ಡಬ್ಬಿ ತಳಿಯ ಮೆಣಸಿನಕಾಯಿ ಇಟ್ಟು, ಆ ರಸೀದಿಯ ಮೇಲೆ ಬ್ಯಾಂಕಿನಿಂದ 7 ಲಕ್ಷ ಸಾಲ ತಂದರು ಅಂತ ಇಟ್ಟುಕೊಳ್ಳಿ. ಮಾಲು 10 ಲಕ್ಷದ್ದು, ಅದು ಪೊಸಿಷನ್. ಅವರ ಸ್ವಂತದ್ದು 3 ಲಕ್ಷ, ಅದು ಮಾರ್ಜಿನ್. ದರ 10% ಬಿದ್ದರೆ 1 ಲಕ್ಷ ಹೋಯಿತು. ಮಾಲಿನ ಲೆಕ್ಕದಲ್ಲಿ ಹತ್ತರಲ್ಲಿ ಒಂದು ಪಾಲು, ಆದರೆ ಸ್ವಂತ ರೊಕ್ಕದ ಲೆಕ್ಕದಲ್ಲಿ ಮೂರರಲ್ಲಿ ಒಂದು ಪಾಲು. ದರ ಇನ್ನೂ ಬಿದ್ದರೆ ಬ್ಯಾಂಕಿನವರು ಕರೆದು "ಇನ್ನಷ್ಟು ರೊಕ್ಕ ತುಂಬ್ರಿ, ಇಲ್ಲಾ ಮಾಲು ಮಾರ್ತೀವಿ" ಅನ್ನುತ್ತಾರೆ. ದರ ಬೀಳುವುದು ಅಂದರೆ ಏನು ಅಂತ ಆ ಊರಿಗೆ ಯಾರೂ ಕಲಿಸಬೇಕಿಲ್ಲ. 2024ರ ಮಾರ್ಚ್ 11ರಂದು ದರ ಕುಸಿತಕ್ಕೆ ಸಿಟ್ಟಾಗಿ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದು ಎಲ್ಲರಿಗೂ ನೆನಪಿದೆ.

ಇಷ್ಟರವರೆಗೆ ಎರಡೂ ಒಂದೇ. ಮುಂದೆ ದಾರಿ ಬೇರೆಯಾಗುತ್ತದೆ. ಬ್ಯಾಂಕ್ ನೋಟಿಸ್ ಕೊಡುತ್ತದೆ, ಮ್ಯಾನೇಜರ್ ಜೊತೆ ಮಾತಾಡಬಹುದು, ನಾಲ್ಕು ದಿನ ಕೇಳಬಹುದು. ಕ್ರಿಪ್ಟೊ ಎಕ್ಸ್‌ಚೇಂಜ್‌ನಲ್ಲಿ ಮಾರುವುದು ಕಂಪ್ಯೂಟರ್. ರಾತ್ರಿ ಮೂರು ಗಂಟೆಯಾದರೂ ಸರಿ, ಕ್ಷಣದಲ್ಲಿ ಮಾರಿ ಮುಗಿಸುತ್ತದೆ. ಅದೂ ಅಲ್ಲದೆ ಬ್ಯಾಂಕ್ ಮೂರು ಪಟ್ಟು ಚಿಲ್ಲರೆಗೇ ಕೈ ತಡೆಯುತ್ತದೆ. ಆ್ಯಪ್ ಐವತ್ತು, ನೂರು ಪಟ್ಟು ಕೊಡಲು ತಯಾರಿರುತ್ತದೆ.

10ಎಕ್ಸ್ ಇಟ್ಟರೆ ರಿಸ್ಕ್ ಹತ್ತು ಪಟ್ಟು ಆಗುತ್ತಾ?

ಸೈಜ್ ಹತ್ತು ಪಟ್ಟು ಮಾಡಿದರೆ ಆಗುತ್ತದೆ. ಸೈಜ್ ಅಷ್ಟೇ ಇಟ್ಟು ಲೀವರೇಜ್ ಮಾತ್ರ ಏರಿಸಿದರೆ, ಬೆಲೆಯ ಒಂದೊಂದು ಪರ್ಸೆಂಟಿಗೆ ಹೋಗುವ ರೊಕ್ಕ ಬದಲಾಗುವುದಿಲ್ಲ. ಬದಲಾಗುವುದು ಎರಡು: ತಡೆದಿಟ್ಟ ಮಾರ್ಜಿನ್ ಕಡಿಮೆಯಾಗುತ್ತದೆ, ಲಿಕ್ವಿಡೇಶನ್ ಬೆಲೆ, ಅಂದರೆ ಎಕ್ಸ್‌ಚೇಂಜ್ ತಾನೇ ನಿಮ್ಮ ಪೊಸಿಷನ್ ಮುಚ್ಚಿಬಿಡುವ ಬೆಲೆ, ಹತ್ತಿರ ಬರುತ್ತದೆ.

ಆದರೆ ನಿಜ ಜೀವನದಲ್ಲಿ ಯಾರೂ ಸೈಜ್ ಅಷ್ಟೇ ಇಡುವುದಿಲ್ಲ. ಮಾರ್ಜಿನ್ ಉಳಿಯಿತು ಅಂದ ಕೂಡಲೇ ಕೈ ತುರಿಸುತ್ತದೆ, ಉಳಿದದ್ದರಲ್ಲಿ ಇನ್ನೊಂದು ಪೊಸಿಷನ್ ತೆಗೆಯುತ್ತಾರೆ. ಹೆಚ್ಚು ಲೀವರೇಜ್ ಅಪಾಯ ಅಂತ ಎಲ್ಲರೂ ಹೇಳುವುದು ಇದಕ್ಕೇ.

ಹಾಗಾದರೆ ಸೈಜ್ ಎಷ್ಟು ಇಡಬೇಕು ಅಂತ ಲೆಕ್ಕ ಹಾಕೋದು ಹೇಗೆ?

ಹಿಂದಿನಿಂದ ಮುಂದಕ್ಕೆ ಬರಬೇಕು. ಎಷ್ಟು ಗಳಿಸಬಹುದು ಅನ್ನುವುದನ್ನು ಬಿಡಿ. ಈ ಒಂದು ಟ್ರೇಡ್ ಕೈಕೊಟ್ಟರೆ ಎಷ್ಟು ಹೋದರೂ ರಾತ್ರಿ ನಿದ್ದೆ ಬರುತ್ತದೆ? ಆ ಮೊತ್ತ ಮೊದಲು ಬರೆಯಿರಿ. ಸಾಮಾನ್ಯವಾಗಿ ಖಾತೆಯ 1% ಅಂತ ಇಡುತ್ತಾರೆ. 50,000ಕ್ಕೆ 500 ರೂಪಾಯಿ.

ಆಮೇಲೆ ಚಾರ್ಟ್ ನೋಡಿ. ಬೆಲೆ ಎಲ್ಲಿಗೆ ಬಂದರೆ ನಿಮ್ಮ ಅಂದಾಜು ತಪ್ಪು ಅಂತ ಒಪ್ಪಿಕೊಳ್ಳುತ್ತೀರಿ? ಅಲ್ಲಿ ಸ್ಟಾಪ್ ಲಾಸ್, ಅಂದರೆ ಆ ಬೆಲೆ ಬಂದರೆ ನಿಮ್ಮನ್ನು ತಾನೇ ಹೊರಗೆ ತರುವ ಆರ್ಡರ್. ಬಿಟ್‌ಕಾಯಿನ್ 80 ಲಕ್ಷಕ್ಕೆ ಕೊಳ್ಳುತ್ತೀರಿ, 78.4 ಲಕ್ಷಕ್ಕೆ ಇಳಿದರೆ ಹೊರಗೆ ಬರುತ್ತೀರಿ ಅಂದರೆ ದೂರ 2%.

ಈಗ ಒಂದೇ ಭಾಗಾಕಾರ. ಹೋಗಬಹುದಾದ ರೊಕ್ಕವನ್ನು ಸ್ಟಾಪ್ ದೂರದಿಂದ ಭಾಗಿಸಿ. 500ನ್ನು 0.02ರಿಂದ ಭಾಗಿಸಿದರೆ 25,000. ಅದೇ ನಿಮ್ಮ ಪೊಸಿಷನ್ ಸೈಜ್.

ಇಲ್ಲಿ ಒಂದು ಕ್ಷಣ ನಿಲ್ಲಿ. ಖಾತೆಯಲ್ಲಿ 50,000 ಇದೆ, ಸೈಜ್ ಬಂದದ್ದು 25,000. ಅಂದರೆ ಈ ಟ್ರೇಡ್‌ಗೆ ಲೀವರೇಜ್ ಬೇಕೇ ಇರಲಿಲ್ಲ! ಲೆಕ್ಕ ಹಾಕಿ ತೋರಿಸಿದಾಗ ಹುಡುಗರ ಮುಖ ಸಪ್ಪೆಯಾಗುವುದು ಇದೇ ಜಾಗದಲ್ಲಿ. 5ಎಕ್ಸ್ ಇಟ್ಟರೆ ಮಾರ್ಜಿನ್ 5,000 ತಡೆಯುತ್ತದೆ, 10ಎಕ್ಸ್ ಇಟ್ಟರೆ 2,500. ಸ್ಟಾಪ್ ಹೊಡೆದರೆ ಎರಡರಲ್ಲೂ ಹೋಗುವುದು 500 ರೂಪಾಯಿಯೇ.

ಈಗ ಇನ್ನೊಬ್ಬರ ಲೆಕ್ಕ ನೋಡಿ. ಅದೇ 50,000, ಅದೇ ಬಿಟ್‌ಕಾಯಿನ್, ಅದೇ 80 ಲಕ್ಷ. ಪೂರ್ತಿ ರೊಕ್ಕ ಮಾರ್ಜಿನ್, 20ಎಕ್ಸ್. ಸೈಜ್ 10 ಲಕ್ಷ. ಅದೇ 2% ಇಳಿದರೆ ಹೋಗುವುದು 20,000. ಇಬ್ಬರದೂ ಅಂದಾಜು ಒಂದೇ, ತಪ್ಪಿದ್ದೂ ಒಂದೇ ಜಾಗದಲ್ಲಿ. ಒಬ್ಬರಿಗೆ 500 ಹೋಯಿತು, ಇನ್ನೊಬ್ಬರಿಗೆ 20,000.

ಸ್ಟಾಪ್ ದೂರ ಬದಲಾದರೆ ಸೈಜ್ ತಾನೇ ಬದಲಾಗುತ್ತದೆ. ಜಾಸ್ತಿ ಕುಣಿಯುವ ಸಣ್ಣ ಕಾಯಿನ್‌ಗೆ 6% ದೂರ ಬೇಕು ಅಂತಾದರೆ 500 ಭಾಗಿಸು 0.06, ಸುಮಾರು 8,300. ಎಲ್ಲ ಟ್ರೇಡ್‌ಗೂ "ನಂದು ಯಾವಾಗಲೂ ಐದು ಸಾವಿರ, ಇಪ್ಪತ್ತು ಎಕ್ಸ್" ಅಂತ ಹಾಕುವವರು ಈ ಲೆಕ್ಕವನ್ನೇ ಬಿಟ್ಟಿರುತ್ತಾರೆ.

ಉಲ್ಟಾ ಲೆಕ್ಕವೂ ನಡೆಯುತ್ತದೆ, ಅದನ್ನು ಮಾಡಬೇಡಿ. ದೊಡ್ಡ ಸೈಜ್ ಬೇಕು ಅಂತ ಸ್ಟಾಪನ್ನು 0.2%ಗೆ ಎಳೆದು ತಂದರೆ ಕಾಗದದ ಮೇಲೆ 2.5 ಲಕ್ಷದ ಸೈಜ್ ಬರುತ್ತದೆ. ಆದರೆ ಬಿಟ್‌ಕಾಯಿನ್ ಸುಮ್ನೆ ಉಸಿರಾಡಿದರೂ 0.2% ಅಲ್ಲಾಡುತ್ತದೆ. ಸ್ಟಾಪ್ ಎಲ್ಲಿ ಅಂತ ಚಾರ್ಟ್ ಹೇಳಬೇಕು, ನಿಮ್ಮ ಆಸೆ ಹೇಳಬಾರದು.

500 ರೂಪಾಯಿ ರಿಸ್ಕ್ ಅಂದರೆ ಚಿಲ್ಲರೆ ಆಯ್ತು. ಒಂದು ಟ್ರೇಡ್‌ಗೆ 10% ಇಟ್ಟರೆ ಏನು ತಪ್ಪು?

ಸಾಲಾಗಿ ಹತ್ತು ಸಲ ತಪ್ಪಿತು ಅಂತ ಲೆಕ್ಕ ಹಾಕಿ. ಹತ್ತು ಸಲ ಸಾಲಾಗಿ ತಪ್ಪುವುದು ದೊಡ್ಡ ವಿಚಿತ್ರವೇನಲ್ಲ, ತಿಂಗಳುಗಟ್ಟಲೆ ಟ್ರೇಡ್ ಮಾಡಿದವರನ್ನು ಕೇಳಿ.

ಪ್ರತಿ ಸಲ ಉಳಿದದ್ದರ 1% ಹೋದರೆ 50,000 ಇಳಿದು ಸುಮಾರು 45,200 ಆಗುತ್ತದೆ. ಬೇಜಾರು, ಆದರೆ ಆಟದಲ್ಲಿ ಇದ್ದೀರಿ. 10% ಹೋದರೆ ಉಳಿಯುವುದು ಸುಮಾರು 17,400. ಅಲ್ಲಿಂದ ಮತ್ತೆ 50,000 ಮುಟ್ಟಲು ಇರುವ ರೊಕ್ಕವನ್ನು ಹತ್ತಿರ ಹತ್ತಿರ ಮೂರು ಪಟ್ಟು ಮಾಡಬೇಕು. ಅರ್ಧ ಕಳೆದುಕೊಂಡವರಿಗೆ 50% ಲಾಭ ಸಾಕಾಗುವುದಿಲ್ಲ, 100% ಬೇಕು. ಕಳೆದಷ್ಟೂ ಏರು ಕಡಿದಾಗುತ್ತಾ ಹೋಗುತ್ತದೆ.

ಲಿಕ್ವಿಡೇಶನ್ ಎಷ್ಟು ಇಳಿದರೆ ಆಗುತ್ತದೆ?

100ನ್ನು ಲೀವರೇಜ್‌ನಿಂದ ಭಾಗಿಸಿ, ಅದರಲ್ಲಿ ಮೇಂಟೆನೆನ್ಸ್ ಮಾರ್ಜಿನ್ ಕಳೆಯಿರಿ. ಮೇಂಟೆನೆನ್ಸ್ ಮಾರ್ಜಿನ್ ಅಂದರೆ ಪೊಸಿಷನ್ ಜೀವಂತ ಇರಲು ಕೊನೆಗೆ ಉಳಿಯಲೇಬೇಕಾದ ಮೊತ್ತ. ಅದಕ್ಕಿಂತ ಕೆಳಗೆ ಹೋದರೆ ಎಕ್ಸ್‌ಚೇಂಜ್ ಕೈ ಹಾಕುತ್ತದೆ. ನಿಮ್ಮ ಮಾರ್ಜಿನ್ ಪೂರ್ತಿ ಸೊನ್ನೆ ಆಗುವವರೆಗೆ ಅದು ಕಾಯುವುದಿಲ್ಲ.

ಮೇಂಟೆನೆನ್ಸ್ 0.5% ಅಂತ ಹಿಡಿದರೆ, 80 ಲಕ್ಷಕ್ಕೆ ಕೊಂಡವರ ಲೆಕ್ಕ ಹೀಗೆ. 10ಎಕ್ಸ್‌ಗೆ 9.5% ಇಳಿದಾಗ, ಅಂದರೆ 72.4 ಲಕ್ಷದಲ್ಲಿ. 20ಎಕ್ಸ್‌ಗೆ 4.5%, 76.4 ಲಕ್ಷ. 50ಎಕ್ಸ್‌ಗೆ 1.5%, 78.8 ಲಕ್ಷ. 100ಎಕ್ಸ್‌ಗೆ ಬರೀ 0.5%, 79.6 ಲಕ್ಷ. ಶುಲ್ಕಗಳಿಂದಾಗಿ ನಿಜದಲ್ಲಿ ಇನ್ನೂ ಸ್ವಲ್ಪ ಹತ್ತಿರವೇ ಇರುತ್ತದೆ.

ಬಿಟ್‌ಕಾಯಿನ್ ಒಂದು ದಿನಕ್ಕೆ ಎರಡು-ಮೂರು ಪರ್ಸೆಂಟ್ ಅತ್ತಿತ್ತ ಆಗುವುದು ಮಾಮೂಲು. 50ಎಕ್ಸ್ ಇಟ್ಟವರಿಗೆ ಮಾಮೂಲು ದಿನವೇ ಕೊನೆಯ ದಿನ. ಅಮಾಮೂಲು ದಿನಗಳೂ ಬರುತ್ತವೆ: 2020ರ ಮಾರ್ಚ್ 12ರಂದು, ಕೊರೊನಾ ಭಯದಲ್ಲಿ, ಒಂದೇ ದಿನ ಹತ್ತಿರ ಹತ್ತಿರ 40% ಬಿತ್ತು. ಅವತ್ತು 3ಎಕ್ಸ್‌ನಲ್ಲಿ ಕೊಂಡು ಕೂತವರೂ ಹೋದರು.

ಇನ್ನೊಂದು ಮಾತು. ಸೈಜ್ ದೊಡ್ಡದಾದಷ್ಟೂ ಎಕ್ಸ್‌ಚೇಂಜ್‌ಗಳು ಮೇಂಟೆನೆನ್ಸ್ ಪರ್ಸೆಂಟ್ ಏರಿಸುತ್ತವೆ. ಸಣ್ಣ ಕಾಯಿನ್‌ಗಳಿಗೆ ಮೊದಲಿನಿಂದಲೇ ಜಾಸ್ತಿ ಇರುತ್ತದೆ. ಆ ಪಟ್ಟಿ ಅವರ ಸೈಟ್‌ನಲ್ಲೇ ಸಿಗುತ್ತದೆ, ಯಾರೂ ಓದುವುದಿಲ್ಲ.

ಹೇಗೂ ಲಿಕ್ವಿಡೇಶನ್ ಇದೆಯಲ್ಲ ಸರ್, ಅದೇ ನನ್ನ ಸ್ಟಾಪ್ ಲಾಸ್. ಬೇರೆ ಯಾಕೆ ಹಾಕಬೇಕು?

ಸ್ಟಾಪ್ ಲಾಸ್ ನೀವು ಆರಿಸಿದ ಬಾಗಿಲು. ಲಿಕ್ವಿಡೇಶನ್ ಅಂದರೆ ಎತ್ತಿ ಹೊರಗೆ ಹಾಕುವುದು, ಅದಕ್ಕೆ ಬೇರೆ ಶುಲ್ಕವನ್ನೂ ಹಿಡಿಯುತ್ತಾರೆ. ಉಳಿದ ಮೇಂಟೆನೆನ್ಸ್ ರೊಕ್ಕವೂ ಎಷ್ಟೋ ಕಡೆ ಎಕ್ಸ್‌ಚೇಂಜ್‌ನ ಇನ್ಶೂರೆನ್ಸ್ ಫಂಡ್‌ಗೆ ಹೋಗುತ್ತದೆ.

ಲೀವರೇಜ್ ಆರಿಸುವ ಸಮಯ ಬರುವುದು ಈಗ, ಕೊನೆಗೆ. ನಿಯಮ ಸರಳ: ಸ್ಟಾಪ್ ಮೊದಲು ಬರಬೇಕು, ಲಿಕ್ವಿಡೇಶನ್ ಅದಕ್ಕಿಂತ ಬಹಳ ಆಚೆ ಇರಬೇಕು. ಸ್ಟಾಪ್ 2% ದೂರ ಇದ್ದರೆ 50ಎಕ್ಸ್ ಅರ್ಥವಿಲ್ಲದ್ದು, ಯಾಕೆಂದರೆ 1.5%ಗೇ ಲಿಕ್ವಿಡೇಶನ್ ಆಗಿರುತ್ತದೆ. 20ಎಕ್ಸ್ ನಡೆಯುತ್ತದೆ. 10ಎಕ್ಸ್ ಇದ್ದರೆ ನನಗೆ ಇನ್ನೂ ಸಮಾಧಾನ.

ಚಾರ್ಟ್‌ನಲ್ಲಿ ಬೆಲೆ ಅಲ್ಲಿಗೆ ಮುಟ್ಟಲೇ ಇಲ್ಲ. ಆದರೂ ಲಿಕ್ವಿಡೇಟ್ ಆಯ್ತು. ಮೋಸ ಅಲ್ವಾ ಇದು?

ಹೆಚ್ಚಿನ ಸಲ ಮೋಸ ಇರುವುದಿಲ್ಲ. ನೀವು ಒಂದು ಬೆಲೆ ನೋಡುತ್ತಿದ್ದೀರಿ, ಎಕ್ಸ್‌ಚೇಂಜ್ ಇನ್ನೊಂದು ಬೆಲೆ ನೋಡುತ್ತಿದೆ.

ಚಾರ್ಟ್ ಸಾಮಾನ್ಯವಾಗಿ ತೋರಿಸುವುದು ಲಾಸ್ಟ್ ಪ್ರೈಸ್, ಅಂದರೆ ಅದೇ ಎಕ್ಸ್‌ಚೇಂಜ್‌ನಲ್ಲಿ ಕೊನೆಯ ವ್ಯವಹಾರ ನಡೆದ ಬೆಲೆ. ಲಿಕ್ವಿಡೇಶನ್ ನಡೆಯುವುದು ಮಾರ್ಕ್ ಪ್ರೈಸ್ ಮೇಲೆ. ಹಲವು ಸ್ಪಾಟ್ ಮಾರುಕಟ್ಟೆಗಳ (ಕಾಯಿನ್ನನ್ನೇ ನೇರವಾಗಿ ಕೊಂಡು ಮಾರುವ ಕಡೆಗಳ) ಬೆಲೆ ಸೇರಿಸಿ ಮಾಡಿದ ಸೂಚ್ಯಂಕದಿಂದ ಇದನ್ನು ಲೆಕ್ಕ ಹಾಕುತ್ತಾರೆ. ಯಾರೋ ಒಬ್ಬರು ಒಂದೇ ಕಡೆ ಬೆಲೆ ತಳ್ಳಿ ಎಲ್ಲರನ್ನೂ ಹೊರಗೆ ಹಾಕಬಾರದು ಅಂತ ಈ ಏರ್ಪಾಡು. ಚಾರ್ಟ್‌ನ ಸೆಟ್ಟಿಂಗ್‌ನಲ್ಲಿ ಮಾರ್ಕ್ ಪ್ರೈಸ್ ಆರಿಸಿಕೊಂಡು ಮತ್ತೆ ನೋಡಿ. ಸ್ಟಾಪ್ ಲಾಸ್ ಯಾವುದರ ಮೇಲೆ ಹೊಡೆಯಬೇಕು ಅನ್ನುವುದನ್ನು ನೀವೇ ಆರಿಸಬಹುದು, ಆರ್ಡರ್ ಪೆಟ್ಟಿಗೆಯ ಪಕ್ಕದಲ್ಲೇ ಇರುತ್ತದೆ.

ಐಸೋಲೇಟೆಡ್, ಕ್ರಾಸ್: ಯಾವುದು ಇಡಲಿ?

ಹೊಸಬರಾದರೆ ಐಸೋಲೇಟೆಡ್. ಇದರಲ್ಲಿ ಎರಡು ಮಾತಿಲ್ಲ.

ಐಸೋಲೇಟೆಡ್‌ನಲ್ಲಿ ಆ ಪೊಸಿಷನ್‌ಗೆ ಕೊಟ್ಟ ಮಾರ್ಜಿನ್ ಅಷ್ಟೇ ಪಣದಲ್ಲಿರುತ್ತದೆ. 1 ಲಕ್ಷದ ಪೊಸಿಷನ್, 20ಎಕ್ಸ್, ಮಾರ್ಜಿನ್ 5,000. ಕೆಟ್ಟರೆ 5,000 ಹೋಗುತ್ತದೆ, ಉಳಿದ 45,000 ಮುಟ್ಟುವುದಿಲ್ಲ. ಕ್ರಾಸ್‌ನಲ್ಲಿ ಫ್ಯೂಚರ್ಸ್ ವಾಲೆಟ್‌ನಲ್ಲಿರುವ ಎಲ್ಲ ರೊಕ್ಕವೂ ಬೆನ್ನಿಗೆ ನಿಲ್ಲುತ್ತದೆ. ಅದೇ ಪೊಸಿಷನ್‌ಗೆ ಲಿಕ್ವಿಡೇಶನ್ 4.5%ಗೆ ಬರದೆ, ಬೇರೆ ಪೊಸಿಷನ್ ಇಲ್ಲದಿದ್ದರೆ, ಸುಮಾರು 49.5% ಇಳಿದಾಗ ಬರುತ್ತದೆ. ಕೇಳಲು ಚೆಂದ. ಆದರೆ ಆ ಹೊತ್ತಿಗೆ ಇಡೀ 50,000 ಹೋಗಿರುತ್ತದೆ.

ಒಂದರ ನಷ್ಟವನ್ನು ಇನ್ನೊಂದರ ಲಾಭದಿಂದ ತುಂಬುವಂತೆ ಲೆಕ್ಕ ಹಾಕಿ ಟ್ರೇಡ್ ಮಾಡುವವರಿಗೆ ಕ್ರಾಸ್ ಉಪಯೋಗ. ಎಷ್ಟೋ ಆ್ಯಪ್‌ಗಳು ತೆರೆದ ಕೂಡಲೇ ಕ್ರಾಸ್‌ನಲ್ಲೇ ಇರುತ್ತವೆ. ನೋಡಿ ಬದಲಾಯಿಸಿಕೊಳ್ಳಿ.

ನಾನು ಒಂದೇ ಕಾಯಿನ್ ಮೇಲೆ ಹಾಕಲ್ಲ. ಬಿಟ್‌ಕಾಯಿನ್, ಇಥೀರಿಯಂ, ಸೊಲಾನಾ ಮೂರರಲ್ಲೂ ಹಂಚ್ತೀನಿ. ರಿಸ್ಕ್ ಕಡಿಮೆ ಆಯ್ತಲ್ಲ?

ಬಿಟ್‌ಕಾಯಿನ್ ಬಿದ್ದ ದಿನ ಉಳಿದೆರಡು ಏರಿದ್ದನ್ನು ಎಷ್ಟು ಸಲ ನೋಡಿದ್ದೀರಿ? ಸಾಮಾನ್ಯವಾಗಿ ಅವೂ ಬೀಳುತ್ತವೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಮೂರರಲ್ಲೂ ಒಂದೇ ದಿಕ್ಕಿಗೆ 1% ರಿಸ್ಕ್ ಇಟ್ಟರೆ ಅದನ್ನು ಒಂದೇ 3% ರಿಸ್ಕ್ ಅಂತ ಲೆಕ್ಕ ಹಿಡಿಯಿರಿ.

ನಷ್ಟದಲ್ಲಿದ್ದೇನೆ. ಮಾರ್ಜಿನ್ ಸೇರಿಸಲಾ, ಇನ್ನೂ ಕೊಂಡು ಆವರೇಜ್ ಮಾಡಲಾ?

ಎರಡೂ ಒಂದೇ ಅಂತ ತುಂಬ ಜನ ತಿಳಿದಿದ್ದಾರೆ. ಲೆಕ್ಕ ನೋಡೋಣ.

1 ಲಕ್ಷದ ಪೊಸಿಷನ್, 20ಎಕ್ಸ್, ಮಾರ್ಜಿನ್ 5,000. ಬೆಲೆ 3% ಇಳಿದಿದೆ, 3,000 ನಷ್ಟ ಕಾಣುತ್ತಿದೆ. ಈಗ ಇನ್ನೊಂದು 5,000 ಮಾರ್ಜಿನ್ ಆಗಿ ಸೇರಿಸಿದರೆ ಸೈಜ್ ಬದಲಾಗುವುದಿಲ್ಲ. ಲಿಕ್ವಿಡೇಶನ್ ಮೊದಲ ಬೆಲೆಯಿಂದ 4.5% ಇದ್ದದ್ದು 9.5%ಗೆ ದೂರ ಸರಿಯುತ್ತದೆ. ಆದರೆ ಹೋಗಬಹುದಾದ ರೊಕ್ಕ 5,000 ಇದ್ದದ್ದು 10,000 ಆಯಿತು.

ಅದೇ 5,000ದಲ್ಲಿ 20ಎಕ್ಸ್‌ಗೆ ಇನ್ನೊಂದು 1 ಲಕ್ಷದ ಪೊಸಿಷನ್ ತೆಗೆದರೆ ಸರಾಸರಿ ಬೆಲೆ ಒಂದೂವರೆ ಪರ್ಸೆಂಟ್ ಕೆಳಗೆ ಬರುತ್ತದೆ. ಅದನ್ನು ನೋಡಿ ಖುಷಿಯಾಗುತ್ತದೆ. ಆದರೆ ಲಿಕ್ವಿಡೇಶನ್ ಮೊದಲ ಬೆಲೆಯಿಂದ ಸುಮಾರು 6% ದೂರ ಮಾತ್ರ. ಮೇಲಾಗಿ ಇನ್ನು ಮುಂದೆ ಪ್ರತಿ 1% ಇಳಿತಕ್ಕೆ 1,000 ಹೋಗುತ್ತಿದ್ದದ್ದು 2,000 ಹೋಗುತ್ತದೆ. ತಪ್ಪಿದ ಅಂದಾಜಿನ ಮೇಲೆ ಸೈಜ್ ಎರಡು ಪಟ್ಟು ಮಾಡಿದಂತಾಯಿತು.

ಎರಡು-ಮೂರು ಕಂತಿನಲ್ಲಿ ಕೊಳ್ಳಬೇಕು ಅಂತ ಮೊದಲೇ ಬರೆದಿಟ್ಟು, ಎಲ್ಲ ಕಂತೂ ಸೇರಿ ನಷ್ಟ 500 ದಾಟದಂತೆ ಲೆಕ್ಕ ಹಾಕಿದ್ದರೆ ತೊಂದರೆ ಇಲ್ಲ. ಕೆಂಪು ಅಂಕಿ ನೋಡಿದ ಮೇಲೆ ಹುಟ್ಟಿದ ಆವರೇಜ್ ಬೇರೆ ಮಾತು. ಸ್ಟಾಪ್ ಹೊಡೆಯುವ ಜಾಗಕ್ಕೆ ಬೆಲೆ ಬಂದಿದ್ದರೆ ನನ್ನ ಉತ್ತರ: ಎರಡೂ ಬೇಡ, ಹೊರಗೆ ಬನ್ನಿ.

ಶುಲ್ಕ ಅಂದರೆ 0.05% ಅಷ್ಟೇ ಅಲ್ವಾ? ಅದೇನು ದೊಡ್ಡದು?

ಆ 0.05% ಕಟ್ಟುವುದು ಸೈಜ್ ಮೇಲೆ. 50,000 ಇಟ್ಟು 10 ಲಕ್ಷದ ಪೊಸಿಷನ್ ತೆಗೆದರೆ ಒಳಗೆ ಹೋಗಲು 500, ಹೊರಗೆ ಬರಲು 500. ಬೆಲೆ ಇದ್ದಲ್ಲೇ ಇದ್ದರೂ ನಿಮ್ಮ ಖಾತೆಯ 2% ಹೋಯಿತು. ನಮ್ಮ ದೇಶದ ಎಕ್ಸ್‌ಚೇಂಜ್‌ಗಳಲ್ಲಿ ಆ ಶುಲ್ಕದ ಮೇಲೆ 18% ಜಿಎಸ್‌ಟಿ ಬೇರೆ. ದಿನಕ್ಕೆ ಐದು ಸಲ ಹೀಗೆ ಮಾಡಿದರೆ ಖಾತೆಯ ಹತ್ತನೇ ಒಂದು ಪಾಲು ಶುಲ್ಕಕ್ಕೇ ಹೋಗುತ್ತದೆ.

ಇದರ ಮೇಲೆ ಫಂಡಿಂಗ್. ಕ್ರಿಪ್ಟೊದಲ್ಲಿ ಹೆಚ್ಚು ನಡೆಯುವುದು ಮುಗಿಯುವ ತಾರೀಕೇ ಇಲ್ಲದ ಪರ್ಪೆಚುವಲ್ ಫ್ಯೂಚರ್ಸ್. 2016ರಲ್ಲಿ ಬಿಟ್‌ಮೆಕ್ಸ್ ಅನ್ನುವ ಎಕ್ಸ್‌ಚೇಂಜ್ ಇದನ್ನು ಚಾಲ್ತಿಗೆ ತಂದಿತು. ತಾರೀಕು ಇಲ್ಲದ ಕಾರಣ ಫ್ಯೂಚರ್ಸ್ ಬೆಲೆ ಸ್ಪಾಟ್ ಬೆಲೆ ಬಿಟ್ಟು ಓಡಿಹೋಗದಂತೆ ಹಿಡಿಯಲು ಫಂಡಿಂಗ್ ಇಟ್ಟಿದ್ದಾರೆ. ಕೊಳ್ಳುವವರು ಜಾಸ್ತಿ ಇದ್ದಾಗ ಲಾಂಗ್ ಇದ್ದವರು (ಬೆಲೆ ಏರುತ್ತದೆ ಅಂತ ಕೊಂಡವರು) ಶಾರ್ಟ್ ಇದ್ದವರಿಗೆ (ಇಳಿಯುತ್ತದೆ ಅಂತ ಮಾರಿದವರಿಗೆ) ಕೊಡಬೇಕು. ಉಲ್ಟಾ ಇದ್ದಾಗ ಉಲ್ಟಾ. ಬಹಳ ಕಡೆ ಎಂಟು ತಾಸಿಗೊಮ್ಮೆ. ದರ 0.01% ಅಂತ ಹಿಡಿದರೂ 10 ಲಕ್ಷಕ್ಕೆ ಒಂದು ಸಲಕ್ಕೆ 100, ದಿನಕ್ಕೆ 300, ತಿಂಗಳಿಗೆ 9,000. ನಿಮ್ಮ 50,000ದ 18%. ಮಾರುಕಟ್ಟೆ ಬಿಸಿಯಾದಾಗ ದರ ಇದರ ಹತ್ತು ಪಟ್ಟು ಏರಿದ್ದೂ ಇದೆ.

ಹಾಗಾಗಿ ಸೈಜ್ ಲೆಕ್ಕ ಹಾಕುವಾಗ ಶುಲ್ಕವನ್ನೂ ಸ್ಟಾಪ್ ದೂರಕ್ಕೆ ಸೇರಿಸಿ. 2%ಗೆ 0.1% ಸೇರಿಸಿದರೆ 2.1%. 500 ಭಾಗಿಸು 0.021, ಸುಮಾರು 23,800.

ಶಾರ್ಟ್ ಮಾಡುವಾಗ ಲೆಕ್ಕ ಬೇರೆನಾ?

ಅದೇ ಲೆಕ್ಕ, ದಿಕ್ಕು ಮಾತ್ರ ತಿರುಗುತ್ತದೆ. ಒಂದು ವ್ಯತ್ಯಾಸ ಇದೆ: ಬೆಲೆ ಬಿದ್ದರೆ ಸೊನ್ನೆಗಿಂತ ಕೆಳಗೆ ಬೀಳದು, ಏರಿದರೆ ಮಿತಿ ಇಲ್ಲ. ಸಣ್ಣ ಕಾಯಿನ್‌ಗಳು ಒಂದು ರಾತ್ರಿಯಲ್ಲಿ ಎರಡು ಪಟ್ಟು ಆಗುತ್ತವೆ. ಅವುಗಳನ್ನು ಶಾರ್ಟ್ ಮಾಡಿ, ಕ್ರಾಸ್‌ನಲ್ಲಿಟ್ಟು, ಸ್ಟಾಪ್ ಇಲ್ಲದೆ ಮಲಗುವುದು ಧೈರ್ಯದ ಲಕ್ಷಣವಂತೂ ಅಲ್ಲ.

ಸ್ಟಾಪ್ ಲಾಸ್ ಹಾಕಿದ್ದರೆ ಪೂರ್ತಿ ಸುರಕ್ಷಿತನಾ?

ಪೂರ್ತಿ ಅಲ್ಲ. 2025ರ ಅಕ್ಟೋಬರ್ 10ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಚೀನಾದ ಮೇಲೆ 100% ಹೆಚ್ಚುವರಿ ಸುಂಕ ಹಾಕುವುದಾಗಿ ಹೇಳಿದರು. ನಮ್ಮಲ್ಲಿ ಆಗ 11ನೇ ತಾರೀಕಿನ ನಸುಕು, ಊರೆಲ್ಲ ಮಲಗಿತ್ತು. ಒಂದು ದಿನದೊಳಗೆ ಸುಮಾರು 1,900 ಕೋಟಿ ಡಾಲರ್ ಮೊತ್ತದ ಪೊಸಿಷನ್‌ಗಳು ಲಿಕ್ವಿಡೇಟ್ ಆದವು. ಎಷ್ಟೋ ಸಣ್ಣ ಕಾಯಿನ್‌ಗಳಲ್ಲಿ ಕೊಳ್ಳುವವರೇ ಇರಲಿಲ್ಲ.

ಅಂಥ ಹೊತ್ತಲ್ಲಿ ಸ್ಟಾಪ್ ಮಾರ್ಕೆಟ್ ಆರ್ಡರ್ ಹೊಡೆಯುತ್ತದೆ, ಆದರೆ ನೀವು ಹೇಳಿದ ಬೆಲೆಗೆ ಆಗುವುದಿಲ್ಲ, ಸಿಕ್ಕ ಬೆಲೆಗೆ ಆಗುತ್ತದೆ. ಹೇಳಿದ ಬೆಲೆಗಿಂತ ಕೆಳಗೆ ಮಾರದ ಸ್ಟಾಪ್ ಲಿಮಿಟ್ ಹಾಕಿದ್ದರೆ ಬೆಲೆ ಅದನ್ನು ಹಾರಿ ಕೆಳಗೆ ಹೋಗಿ, ಆರ್ಡರ್ ಹಾಗೇ ಕೂತಿರಬಹುದು. ಅವತ್ತು ಕೆಲವರ ಲಾಭದಲ್ಲಿದ್ದ ಶಾರ್ಟ್‌ಗಳನ್ನೂ ಎಕ್ಸ್‌ಚೇಂಜ್‌ಗಳು ತಾವೇ ಮುಚ್ಚಿದವು. ಸೋತವರ ನಷ್ಟ ತುಂಬಲು ಇನ್ಶೂರೆನ್ಸ್ ಫಂಡ್ ಸಾಲದಾಗ ಹೀಗೆ ಮಾಡುತ್ತಾರೆ, ಆಟೋ ಡೀಲೀವರೇಜಿಂಗ್ ಅಂತ ಅದರ ಹೆಸರು. ನಿಯಮಗಳಲ್ಲಿ ಮೊದಲೇ ಬರೆದಿರುತ್ತದೆ.

ಸೈಜ್ ಖಾತೆಯ ಅರ್ಧ ಇದ್ದವರಿಗೆ ಸ್ಟಾಪ್ 2%ರ ಬದಲು 6%ಗೆ ಹೊಡೆದರೂ 1,500 ಹೋಗುತ್ತಿತ್ತು. ಖಾತೆಯ ಇಪ್ಪತ್ತು ಪಟ್ಟು ಇದ್ದವರಿಗೆ ಏನೂ ಉಳಿಯುತ್ತಿರಲಿಲ್ಲ.

ಬಿಟ್‌ಕಾಯಿನ್ನನ್ನೇ ಮಾರ್ಜಿನ್ ಆಗಿ ಇಡಬಹುದಂತೆ. ಒಳ್ಳೆಯದಾ?

ಇಡಬಹುದು. ಆದರೆ ಲಾಂಗ್ ಇದ್ದಾಗ ಬೆಲೆ ಬಿದ್ದರೆ ಪೊಸಿಷನ್ ನಷ್ಟ, ಜೊತೆಗೆ ಮಾರ್ಜಿನ್ ಬೆಲೆಯೂ ಕರಗುತ್ತದೆ. ಲಿಕ್ವಿಡೇಶನ್ ಬೇಗ ಬರುತ್ತದೆ. ಶುರುವಿಗೆ ರೂಪಾಯಿ ಅಥವಾ ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕಾಯಿನ್) ಮಾರ್ಜಿನ್ನೇ ಸರಿ.

ನನ್ನ ಗೆಳೆಯ 100ಎಕ್ಸ್‌ನಲ್ಲಿ ಒಂದೇ ರಾತ್ರಿ ಬೈಕ್ ರೊಕ್ಕ ಮಾಡಿದ.

ಮಾಡಿರಬಹುದು. ಅವರ ಪೂರ್ತಿ ವರ್ಷದ ಸ್ಟೇಟ್‌ಮೆಂಟ್ ಕೇಳಿ ನೋಡಿ. ಗೆದ್ದ ಸ್ಕ್ರೀನ್‌ಶಾಟ್ ಸ್ಟೇಟಸ್‌ಗೆ ಹೋಗುತ್ತದೆ, ಸೋತದ್ದು ಹೋಗುವುದಿಲ್ಲ. ಕ್ರಿಪ್ಟೊದ ಅಂಕಿ ಅಂತಲ್ಲ, ನಮ್ಮ ಶೇರು ಮಾರುಕಟ್ಟೆಯ ಎಫ್ ಆ್ಯಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಬಗ್ಗೆ ಮಾರುಕಟ್ಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದು ಗೊತ್ತಿರಲಿ: 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ 100ರಲ್ಲಿ 93 ಸಾಮಾನ್ಯ ಟ್ರೇಡರ್‌ಗಳು ನಷ್ಟ ಮಾಡಿಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ಅಲ್ಲಿ ಲೀವರೇಜ್ ಕ್ರಿಪ್ಟೊದಷ್ಟು ಸಡಿಲವೂ ಇಲ್ಲ, ರಾತ್ರಿ ಮಾರುಕಟ್ಟೆ ಮುಚ್ಚುತ್ತದೆ, ಮೇಲೆ ಸೆಬಿ ಕೂತಿದೆ.

ಎಕ್ಸ್‌ಚೇಂಜ್‌ಗಳೇ ಒಮ್ಮೆ ಹಿಂದೆ ಸರಿದಿದ್ದವು. 2021ರ ಜುಲೈನಲ್ಲಿ ಎಫ್‌ಟಿಎಕ್ಸ್ 101ಎಕ್ಸ್ ಮಿತಿಯನ್ನು 20ಎಕ್ಸ್‌ಗೆ ಇಳಿಸಿತು, ಬೈನಾನ್ಸ್ ಹೊಸಬರಿಗೆ 20ಎಕ್ಸ್ ಮಿತಿ ಹಾಕಿತು. ಎಫ್‌ಟಿಎಕ್ಸ್ ಮರುವರ್ಷ ನವೆಂಬರ್‌ನಲ್ಲಿ ತಾನೇ ಮುಳುಗಿತು, ಜನರ ಠೇವಣಿಯೂ ಜೊತೆಗೆ ಸಿಕ್ಕಿಹಾಕಿಕೊಂಡಿತು. ಎಲ್ಲ ರೊಕ್ಕವನ್ನೂ ಮಾರ್ಜಿನ್ ಖಾತೆಯಲ್ಲಿ ಇಡಬೇಡಿ ಅನ್ನುವುದಕ್ಕೆ ಅದೊಂದು ಕಾರಣ ಸಾಕು.

ನಮ್ಮ ದೇಶದಲ್ಲಿ ಇದು ಕಾನೂನು ಪ್ರಕಾರ ಸರಿನಾ? ತೆರಿಗೆ ಎಷ್ಟು?

ಕ್ರಿಪ್ಟೊ ವ್ಯವಹಾರಕ್ಕೆ ನಿಷೇಧ ಇಲ್ಲ. ಆರ್‌ಬಿಐ 2018ರಲ್ಲಿ ಬ್ಯಾಂಕುಗಳಿಗೆ ಹಾಕಿದ್ದ ತಡೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದು ಮಾಡಿತು. 2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ಬಂದವು, ಕೇಂದ್ರದ ಹಣಕಾಸು ಗುಪ್ತಚರ ಘಟಕ ಎಫ್‌ಐಯುನಲ್ಲಿ ನೋಂದಣಿ ಮಾಡಿಸಬೇಕು. ನೋಂದಣಿ ಇದೆ ಅಂದರೆ ನಿಮ್ಮ ರೊಕ್ಕಕ್ಕೆ ಸರ್ಕಾರದ ಗ್ಯಾರಂಟಿ ಇದೆ ಅಂತ ಅರ್ಥವಲ್ಲ.

ಕಾಯಿನ್ ಮಾರಿ ಬಂದ ಲಾಭಕ್ಕೆ 2022ರ ಏಪ್ರಿಲ್‌ನಿಂದ 30% ತೆರಿಗೆ, ಮೇಲೆ ಸೆಸ್. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. 2022ರ ಜುಲೈನಿಂದ ಮಾರಾಟದ ಮೇಲೆ 1% ಟಿಡಿಎಸ್. ಕಾಯಿನ್ ಕೈ ಬದಲಾಯಿಸದ ಫ್ಯೂಚರ್ಸ್‌ಗೂ ಇದೇ ನಿಯಮವೇ ಅನ್ನುವುದರಲ್ಲಿ ಸಿಎಗಳಲ್ಲೇ ಎರಡು ಪಕ್ಷ ಇವೆ. ಆ್ಯಪ್ ಜಾಹೀರಾತು ಹೇಳಿತು ಅಂತ ನಂಬಬೇಡಿ. ಸ್ಟೇಟ್‌ಮೆಂಟ್ ಇಳಿಸಿಕೊಂಡು ನಿಮ್ಮ ಸಿಎ ಮುಂದೆ ಇಡಿ.

ಟೆಲಿಗ್ರಾಂ ಗುಂಪಿನವರು "ನೀವು ಮಾರ್ಜಿನ್ ಕಳಿಸಿ, ನಾವು ಟ್ರೇಡ್ ಮಾಡ್ತೀವಿ" ಅಂತಾರೆ.

ಬೇಡ. ಅಲ್ಲಿ ಪೊಸಿಷನ್ನೂ ಇರುವುದಿಲ್ಲ, ಮಾರ್ಜಿನ್ನೂ ಇರುವುದಿಲ್ಲ, ಬರೀ ಅಂಕಿ ತೋರಿಸುವ ನಕಲಿ ಆ್ಯಪ್ ಇರುತ್ತದೆ. ಲಾಭ ತೆಗೆಯಲು ಹೋದರೆ "ಮೊದಲು ತೆರಿಗೆ ಕಟ್ಟಿ" ಅನ್ನುತ್ತಾರೆ. ಈಗಾಗಲೇ ಕಳಿಸಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ಬ್ಯಾಂಕ್ ಖಾತೆಯಲ್ಲಿ ರೊಕ್ಕ ತಡೆಯುವ ಅವಕಾಶ ಅಷ್ಟು ಜಾಸ್ತಿ. ಹುಬ್ಬಳ್ಳಿ-ಧಾರವಾಡದವರು ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಬಹುದು.

ಬಂಗಾರ ಅಡ ಇಟ್ಟು ಮಾರ್ಜಿನ್ ತುಂಬಲಾ?

ಅಡ ಇಟ್ಟ ಸಾಲವೇ ಒಂದು ಲೀವರೇಜ್. ಅದರ ಮೇಲೆ 10ಎಕ್ಸ್ ಅಂದರೆ ಸಾಲದ ಮೇಲೆ ಸಾಲ. ಅವ್ವನ ಬಂಗಾರ ಅವ್ವನ ಹತ್ತಿರವೇ ಇರಲಿ.

ನನ್ನ ಹತ್ತಿರ 5,000 ಮಾತ್ರ ಇದೆ. ಈ 1% ಲೆಕ್ಕ ನನಗೆ ನಡೆಯುತ್ತಾ?

ಕೆಲವು ಕಡೆ ನಡೆಯುವುದಿಲ್ಲ. ನೋಡಿ, 5,000ದ 1% ಅಂದರೆ 50 ರೂಪಾಯಿ. ಸ್ಟಾಪ್ 2% ಇದ್ದರೆ ಸೈಜ್ 2,500 ಇರಬೇಕು. ಒಂದು ಎಕ್ಸ್‌ಚೇಂಜ್‌ನಲ್ಲಿ ಬಿಟ್‌ಕಾಯಿನ್ ಫ್ಯೂಚರ್ಸ್‌ನ ಅತಿ ಸಣ್ಣ ಆರ್ಡರ್ 0.001 ಅಂತಿದ್ದರೆ, 80 ಲಕ್ಷದ ಲೆಕ್ಕಕ್ಕೆ ಅದೇ 8,000 ರೂಪಾಯಿ ಆಯಿತು. ಅದನ್ನು ತೆಗೆದರೆ ಸ್ಟಾಪ್‌ಗೆ 160 ಹೋಗುತ್ತದೆ, ಅಂದರೆ ಖಾತೆಯ 3.2%. ಆ್ಯಪ್ ಕಣ್ಣು ಮುಚ್ಚಿ ಒಪ್ಪಿಕೊಳ್ಳುತ್ತದೆ, ಲೆಕ್ಕ ಒಪ್ಪುವುದಿಲ್ಲ. ಇನ್ನೂ ಸಣ್ಣ ಆರ್ಡರ್ ಬಿಡುವ ಕಡೆ ಹುಡುಕಿ, ಇಲ್ಲಾ ಟೆಸ್ಟ್‌ನೆಟ್‌ನಲ್ಲಿ ಸುಳ್ಳು ರೊಕ್ಕದಿಂದ ಅಭ್ಯಾಸ ಮಾಡಿ.

50,000 ಇದ್ದವರಿಗೂ ಇದು ಬೇಕು. ಮೇಲಿನ 25,000ದ ಸೈಜ್ ಬಿಟ್‌ಕಾಯಿನ್ ಲೆಕ್ಕದಲ್ಲಿ 0.003125. ಆರ್ಡರ್ 0.001ರ ಗುಣಕದಲ್ಲೇ ಇರಬೇಕು ಅಂದರೆ 0.003 ಹಾಕಿ, 24,000 ಆಗುತ್ತದೆ. ಯಾವಾಗಲೂ ಕೆಳಗಿನ ಅಂಕಿಗೆ ಇಳಿಸಿ, ಮೇಲಕ್ಕೆ ಏರಿಸಬೇಡಿ.